ಜಪಾನಿನ ಗಾಡಿ, ಅವ್ವನ ಟಿಕೀಟು

ಹೋದ ವಾರ ವೈನಿ ಫೋನಿನ್ಯಾಗ ಕೇಳಿದ್ರು, “ಅಲ್ಲೆ ಆಕ್ಲಂಡಿನ್ಯಾಗ ಮನಿಗೆ ಎರಡೆರಡು ಕಾರ್ ಇರ್ತಾವಂತಲ್ಲ, ಅಷ್ಟು ಸಸ್ತಾ ಹೆಂಗ ಸಿಗ್ತಾವ?” ಅಂತ. ಅವರಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ. ಹೆಂಗೂ ನಮ್ಮನ್ಯಾಗ ಈಗ ಅದೇ ಮಾತು ನಡದದ.

ನ್ಯೂಜಿಲೆಂಡಿನ್ಯಾಗ 1998 ರಾಗ ಕಾರಿನ ಮ್ಯಾಲಿನ ಆಮದು ಸುಂಕ ತಗದ್ರು, ಅದೇ ವರ್ಷ ಉಳಿದಿದ್ದ ಕಾರ್ ಜೋಡಸೋ ಕಾರ್ಖಾನೆಗಳೂ ಬಂದ್ ಆದ್ವು. ಜಪಾನಿನ್ಯಾಗ ನಮ್ಮಂಗ ಎಡಕ್ಕ ಗಾಡಿ ಹೊಡೀತಾರ, ಸ್ಟೇರಿಂಗ್ ಬಲಕ್ಕ. ಅಲ್ಲೆ ಹೊಸಾ ಗಾಡಿಗೆ ಮೂರು ವರ್ಷಕ್ಕ, ಆಮ್ಯಾಲೆ ಎರಡೆರಡು ವರ್ಷಕ್ಕ ‘ಶಾಕೆನ್’ ಅಂತ ತಪಾಸಣಿ ಇರ್ತದ, ಅದಕ್ಕ ರೊಕ್ಕ ಭಾಳ ಬೀಳ್ತದ. ಹಿಂಗಾಗಿ ಎಷ್ಟೋ ಮಂದಿ ಚೊಲೋ ಇದ್ದ ಗಾಡೀನ ಮಾರಿಬಿಡ್ತಾರ. ಅವು ಹರಾಜಿಗೆ ಬಂದು, ಹಡಗ ಹತ್ತಿ, ಇಲ್ಲೆ ಇಳೀತಾವ. ಇಳಿಯೋಕಿಂತ ಮೊದಲ ಸಂದಿಗೊಂದಿನ್ಯಾಗ ಹುಳಾ, ಬೀಜ, ಮಣ್ಣು ಇದ್ದಾವೇನಂತ ನೋಡ್ತಾರ. ಹಬ್ಬಕ್ಕ ನಮ್ಮವ್ವ ಮನಿ ಝಾಡಿಸಿದಂಗ!

ನಮ್ಮದು 2008 ರ ಕೊರೊಲಾ ಆಕ್ಸಿಯೊ, ಬಿಳೀದು, 1500 ಸಿಸಿ. 2016 ರಾಗ ತಗೊಂಡ್ವಿ. ಕೀಲಿ ತಿರುವಿದ ಕೂಡ್ಲೆ ಒಬ್ಬಾಕಿ ಜಪಾನಿ ಭಾಷಾದಾಗ ಏನೋ ಹೇಳ್ತಾಳ. ಅವ್ವ ಬಂದಿದ್ದಾಗ ದಿನಾ ಕೇಳ್ತಿದ್ಲು, “ಏನಂತಾಳವ್ವಾ ಆಕಿ?” ಜಪಾನಿನ ಟೋಲ್ ಕಾರ್ಡ್ ಹಾಕಿಲ್ಲಂತ ನೆನಪ ಮಾಡ್ತಾಳ, ಅಷ್ಟ. ಆ ಡಬ್ಬಿ ತಗಸೂಣಂದ್ರ ಅವ್ವ ಬಿಡಲಿಲ್ಲ. “ಇರ್ಲಿ ಬಿಡು ಪಾಪ, ಮಾತಿಗೊಬ್ಬಾಕಿ” ಅಂದ್ಲು. ರೇಡಿಯೊದ್ದು ಇನ್ನೊಂದು ಮಜಾ. ಅದು 76 ರಿಂದ 90 ರ ತನಕ ಅಷ್ಟ ಹಿಡೀತದ, ಇಲ್ಲಿ ಸ್ಟೇಷನ್ನೆಲ್ಲಾ 88 ರಿಂದ 108 ರೊಳಗ. ಸಣ್ಣದೊಂದು ಡಬ್ಬಿ ಕೂಡಿಸಿದ ಮ್ಯಾಲೆ ಹಾಡು ಬಂದ್ವು, ಆದ್ರ ಕಾಣೋ ನಂಬರಿಗೆ ಮನಸಿನ್ಯಾಗ 12 ಕೂಡಿಸಿಕೋಬೇಕು. ಗಾಡಿ ಪುಸ್ತಕ ಪೂರ್ತಿ ಜಪಾನಿ, ಫೋನಿನ ಕ್ಯಾಮೆರಾ ಹಿಡದು ಓದ್ತೀನಿ.

ಹೊಡೀಲಿಕ್ಕೆ ಮಾತ್ರ ಬೆಣ್ಣಿ ಅದ. ಊರಾಗ ಮಾರುತಿ ಹೊಡದ ಕೈಗೆ ಇಂಡಿಕೇಟರ್ ಕಡ್ಡಿ ಬಲಕ್ಕ, ಅಲ್ಲೇ ಸಿಗ್ತದ. ಗೆಳತಿಯ ಯುರೋಪಿನ ಗಾಡ್ಯಾಗ ಕೂತ್ರ ತಿರುಗೋವಾಗೆಲ್ಲಾ ನನ್ನ ಕೈಯಾಗ ವೈಪರ್ ಹಾರ್ತದ.

ಇರ್ಲಿ, ಮಾತಿಗೆ ಬರ್ತೀನಿ. ಮಗಳಿಗೆ ಬರೋ ತಿಂಗಳು 16 ತುಂಬ್ತದ. ಇಲ್ಲೆ ಆ ವಯಸ್ಸಿಗೆ ಲರ್ನರ್ ಲೈಸನ್ಸ್ ತಗೋಬಹುದು. ಬಾಜೂಕ, ಪೂರ್ತಿ ಲೈಸನ್ಸ್ ಸಿಕ್ಕು ಎರಡು ವರ್ಷಾದವರು ಯಾರಾರ ಕೂತಿರಬೇಕು. ಆಕ್ಸಿಯೊ ಇನ್ನ ತಂದೇ ಅಂತ ಆಕಿ ಊರಿಗೆಲ್ಲಾ ಹೇಳ್ಯಾಳ. ನಮ್ಮನಿಯವರು ಬ್ಯಾಡಂತಾರ. ಇ.ಎಸ್.ಸಿ. ಅಂತ ಒಂದು ವ್ಯವಸ್ಥಾ ಅದ: ತಿರುವಿನ್ಯಾಗ ಗಾಡಿ ಜಾರಿದ್ರ ಯಾವ ಗಾಲಿಗೆ ಎಷ್ಟು ಬೇಕೋ ಅಷ್ಟು ಬ್ರೇಕ್ ತಾನೇ ಹಾಕಿ ಗಾಡೀನ ದಾರಿಗೆ ತರ್ತದ. ಹೊರಗಿಂದ ಬರೋ ಹಳೇ ಸಣ್ಣ ಕಾರಿಗೆ ಇಲ್ಲಿ ಸರ್ಕಾರ ಅದನ್ನ ಕಡ್ಡಾಯ ಮಾಡಿದ್ದು 2020 ರ ಮಾರ್ಚಿನಿಂದ. ನಮ್ಮದು ಅದಕ್ಕಿಂತ ಮೊದಲ ಬಂದದ್ದು, ಅದರಾಗ ಇಲ್ಲ. ಎಬಿಎಸ್ ಅದ, ಆದ್ರ ಅದರ ಕೆಲಸಾನ ಬ್ಯಾರೆ.

“ನಾ ಇಷ್ಟು ವರ್ಷ ಹೊಡದಿಲ್ಲೇನು?” ಅಂದೆ ನಾನು. “ನಿನಗ 16 ಇತ್ತೇನು?” ಅಂದ್ರು ಅವರು. ಆ ಮಾತಿಗೆ ಏನ ಹೇಳ್ತೀರಿ! ಮಳಿಗಾಲದಾಗ ಇಲ್ಲಿ ಗುಡ್ಡದ ರಸ್ತಾ ಹೆಂಗ ಜಾರ್ತಾವ ಅಂತ ನನಗ ಗೊತ್ತದ.

ತ್ರಾಸ ಏನಂದ್ರ, ಹೊಸಾದಕ್ಕ ಅಂತ ಇರೋ ರೊಕ್ಕ ಒಂದೇ. ದೀಪಾವಳಿಗೆ ಧಾರವಾಡಕ್ಕ ಬರಲಿಕ್ಕೆ ಕೂಡಿಸಿದ್ದು, ನಾಲ್ಕೂ ಮಂದೀದು ಟಿಕೀಟಿಂದು. ಅವ್ವಗ ಈಗ 78, ಮೊಣಕಾಲು ಏಳಂಗಿಲ್ಲ, ಇನ್ನ ಆಕಿ ಇಲ್ಲಿಗೆ ಬರೂದಂತೂ ಆಗೂದಿಲ್ಲ. ಎರಡು ದಿನ ನನಗ ನಿದ್ದಿ ಹತ್ತಲಿಲ್ಲ. ಕಡೀಗೆ ನಾನೇ ಅವ್ವಗ ಫೋನ್ ಹಚ್ಚಿ ಹೇಳಿದೆ. “ಹುಡಿಗೀದು ಮೊದಲ ನೋಡ್ರಿ, ನಾ ಎಲ್ಲಿ ಹೋಗ್ತೀನಿ” ಅಂದ್ಲು. ಆಮ್ಯಾಲೆ ಭಾಳ ಹೊತ್ತು ಏನೂ ಮಾತಾಡಲಿಲ್ಲ.

ಈಗ ರಾತ್ರಿ ಕೂತು ಹರಾಜಿನ ಹಾಳಿ ಓದೂದು ನನ್ನ ಕೆಲಸ. ಗಾಡಿ ಚಿತ್ರದ ಮ್ಯಾಲೆ ಎಲ್ಲೆಲ್ಲೆ ಏನಾಗ್ಯದ ಅಂತ ಗುರ್ತು ಹಾಕಿರ್ತಾರ: ಎ ಅಂದ್ರ ಗೀರು, ಯು ಅಂದ್ರ ತಗ್ಗು, ಡಬ್ಲ್ಯು ಅಂದ್ರ ರಿಪೇರಿ ಮಾಡಿದ ಗುರ್ತು. 4, 4.5 ಅಂಕ ಇದ್ರ ಚೊಲೋದು, ಆರ್ ಅಂತ ಇದ್ರ ಬಡಿಸಿಕೊಂಡು ರಿಪೇರಿ ಆದದ್ದು. ಶನಿವಾರ ಎರಡು ಗಾಡಿ ನೋಡ್ಲಿಕ್ಕೆ ಹೋಗೂದದ. ಆಕ್ಸಿಯೊ ಮಾರಿ ನಾನು ಒಬ್ಬಾಕಿನ ಆದ್ರೂ ಹೋಗಿ ಅವ್ವನ್ನ ನೋಡಿ ಬರಲಿ ಅಂತ ನಮ್ಮನಿಯವರು ಅಂತಾರ. ಅಷ್ಟು ರೊಕ್ಕ ಬರ್ತದೋ ಇಲ್ಲೋ, ಫೋಟೋ ತಗದು ಇಟ್ಟೀನಿ.