ಲೆಕ್ಕದಲ್ಲಿ ಮಿಡಿದ ಹೃದಯ

ಜ್ಞಾನವನ್ನು ಅರಸುವ ಹಾದಿಯಲ್ಲಿ ಜೀವಹಿಂಸೆ ಎಷ್ಟರಮಟ್ಟಿಗೆ ಅನಿವಾರ್ಯ ಎಂಬ ಪ್ರಶ್ನೆ ವಿಚಾರವಂತರನ್ನು ಬಹುಕಾಲದಿಂದ ಕಾಡಿದೆ. ಲಂಡನ್ನಿನ ಒಬ್ಬ ತರುಣ ಸಂಶೋಧಕರ ದಿನಚರಿಯಲ್ಲಿ ಆ ಪ್ರಶ್ನೆಯ ಎರಡು ಮುಖಗಳೂ ಒಟ್ಟಿಗೆ ಕಾಣುತ್ತವೆ.

1960ರ ಸುಮಾರಿನಲ್ಲಿ ಡೆನಿಸ್ ನೋಬಲ್ ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿದ್ದರು. ವಿಶ್ವವಿದ್ಯಾಲಯದ ‘ಮರ್ಕ್ಯುರಿ’ ಗಣಕಯಂತ್ರ ಹಗಲೆಲ್ಲ ಇತರರ ಪಾಲು. ಅವರಿಗೆ ದೊರೆತದ್ದು ನಡುರಾತ್ರಿ ಕಳೆದ ಮೇಲಿನ ಎರಡು ಗಂಟೆ. ಲೆಕ್ಕ ಮುಗಿಸಿ, ನಸುಕಿನಲ್ಲಿ ಕಸಾಯಿಖಾನೆಗೆ ಹೋಗಿ ಅಂದಿನ ಪ್ರಯೋಗಕ್ಕೆ ಕುರಿಯ ಹೃದಯ ತರುತ್ತಿದ್ದರು.

ಹೃದಯಕೋಶದ ಪೊರೆಯನ್ನು ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ದಾಟುವಾಗ ಉಂಟಾಗುವ ವಿದ್ಯುತ್ತಿನ ಏರಿಳಿತವೇ ಮಿಡಿತಕ್ಕೆ ಮೂಲ. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರಕ್ಕೆ ಬರೆದ ಸಮೀಕರಣಗಳನ್ನು ನೋಬಲ್ ಹೃದಯಕ್ಕೆ ಹೊಂದಿಸಿದರು. ಯಂತ್ರವಿತ್ತ ಅಂಕಿಗಳಲ್ಲಿ ಮಿಡಿತದ ಲಯ ತಾನಾಗಿ ಮೂಡಿತು. 1960ರಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಸಮೀಕರಣಗಳ ಸಂತತಿ ಇಂದು ತಂತ್ರಾಂಶಗಳಾಗಿ ಬೆಳೆದಿದೆ. 2017ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ‘ವರ್ಚುವಲ್ ಅಸೇ’ ಎಂಬ ತಂತ್ರಾಂಶದ ಮೂಲಕ 62 ಔಷಧಗಳನ್ನು ಮಾನವ ಹೃದಯಕೋಶದ ಗಣಿತ ಮಾದರಿಗಳಲ್ಲಿ ಪರೀಕ್ಷಿಸಿದ ವರದಿ ಹೊರಬಂತು. ಯಾವ ಔಷಧ ಹೃದಯದ ಲಯ ಕೆಡಿಸೀತು ಎಂಬುದನ್ನು ಅದು ಶೇಕಡಾ 89ರಷ್ಟು ಸರಿಯಾಗಿ ತಿಳಿಸಿತು. ಮೊಲಗಳ ಪ್ರಯೋಗದ ನಿಖರತೆ ಹೆಚ್ಚೆಂದರೆ ಶೇಕಡಾ 75.

ಆದರೆ ಯಂತ್ರಕ್ಕೆ ಈ ಲೆಕ್ಕವನ್ನು ಕಲಿಸಿದವರಾರು? ಮೊದಲ ಅಂಕಿಗಳು ಕುರಿಯಿಂದ, ಸ್ಕ್ವಿಡ್‌ನಿಂದ ಬಂದವು. ಆ ಮೂಕಜೀವಿಗಳು ತಾವಾಗಿ ಏನನ್ನೂ ಕೊಟ್ಟಿರಲಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೆಂದು ಶ್ರಾವಕರು ಬಲ್ಲರು. ಇಂದಿನ ತಂತ್ರಾಂಶ ರಕ್ತ ಕಾಣದೆಯೇ ನಡೆದರೂ ಅದರ ತಳಪಾಯದಲ್ಲಿ ಈ ಋಣವಿದೆ. ಅದನ್ನು ಮರೆತು ಹೆಮ್ಮೆಪಟ್ಟರೆ ಅದೂ ಒಂದು ಬಗೆಯ ಅನುಮೋದನೆಯೇ ಆದೀತು.

ಋಣ ತೀರಿಸುವ ದಾರಿಯೂ ಇದೇ ಶಾಸ್ತ್ರದಲ್ಲಿ ತೆರೆದಿದೆ. ಆಕ್ಸ್‌ಫರ್ಡಿನವರು ಆಧರಿಸಿದ ಮಾದರಿಯನ್ನು ಅಮೆರಿಕದ ಸಂಶೋಧಕರು 2011ರಲ್ಲಿ ರಚಿಸಿದ್ದರು. ಅದಕ್ಕೆ ಮುಖ್ಯ ಆಧಾರವಾದದ್ದು ರೋಗವಿಲ್ಲದ ನೂರಕ್ಕೂ ಹೆಚ್ಚು ಮಾನವ ಹೃದಯಗಳಿಂದ ದೊರೆತ ಅಳತೆಗಳು. ಅಂಗದಾನಿಗಳ ಹೃದಯಗಳು ಅವು. ಕಸಿದುಕೊಂಡ ಅಂಕಿಗಳ ಜಾಗಕ್ಕೆ ದಾನವಾಗಿ ಬಂದ ಅಂಕಿಗಳು ಹೀಗೆ ಸೇರತೊಡಗಿವೆ.

ಇಡೀ ದೇಹದ ಮೇಲೆ ಔಷಧದ ಪರಿಣಾಮವನ್ನು ಗಣಿತವೊಂದೇ ಹೇಳಲಾರದು. ಪ್ರಾಣಿಪ್ರಯೋಗ ಇನ್ನೂ ನಿಂತಿಲ್ಲ. ಆದರೂ ಭಾರತವು 2023ರಲ್ಲಿ ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಪ್ರಾಣಿಗಳಿಗೆ ಬದಲಾಗಿ ಗಣಕ ಮಾದರಿಯಂತಹ ವಿಧಾನಗಳಿಗೂ ಅವಕಾಶವಿತ್ತಿದೆ.

ಆಹಾರ, ಔಷಧ, ಶಾಸ್ತ್ರ, ಅಭಯವೆಂದು ದಾನ ನಾಲ್ಕು ಬಗೆ. ಜೀವಶಾಸ್ತ್ರ ಓದುವ ಬಡ ವಿದ್ಯಾರ್ಥಿಯೊಬ್ಬನಿಗೆ ಈ ಗಣಿತವನ್ನು ಕಲಿಯಲು ಬಸದಿಯ ಟ್ರಸ್ಟೊಂದು ನೆರವಾದರೆ ಅದು ಶಾಸ್ತ್ರದಾನ. ಅದರಿಂದ ರೋಗಿಗೆ ಔಷಧ ದೊರೆತರೆ ಔಷಧದಾನ. ಪ್ರಯೋಗಾಲಯದ ಪಂಜರದಲ್ಲಿ ಒಂದು ಮೊಲ ಕಡಿಮೆಯಾದರೆ, ಅದೇ ಅಭಯದಾನ.