ಮುಟ್ಟಿದರೆ ನಿಲ್ಲುವ ಯಂತ್ರ

ಸಿಂಧನೂರಿನ ಒಂದು ಅಕ್ಕಿ ಗಿರಣಿಯೊಳಗೆ ತೌಡಿನ ಧೂಳಿಗೆ ಕಣ್ಣು ಒಗ್ಗಿದ ಮೇಲೆ ಕಂಡದ್ದು ಸಾರ್ಟೆಕ್ಸ್ ಮಷಿನ್. ಇಳಿಜಾರಿನಲ್ಲಿ ಅಕ್ಕಿ ಜಲಪಾತದಂತೆ ಸುರಿಯುತ್ತಿತ್ತು. ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದಂತೆ. ಕಪ್ಪು ಕಾಳು ಕಂಡರೆ ಬೀಳುತ್ತಿರುವಾಗಲೇ ಗಾಳಿ ಊದಿ ಆಚೆ ತಳ್ಳುತ್ತದೆ. ಚಟಪಟ, ಚಟಪಟ. ರೆಪ್ಪೆ ಮಿಟುಕಿಸದೆ ನಿಂತೆ. ಮೊರ ಹಿಡಿದು ಕಲ್ಲು ಆರಿಸುತ್ತಿದ್ದ ಅಜ್ಜಿ ಇದನ್ನು ನೋಡಿದ್ದರೆ ಕೈಮುಗಿಯುತ್ತಿದ್ದಳು.

ಇನ್ನೂ ಬಗ್ಗಿದೆ. ಆಪರೇಟರ್ ಹೆಗಲು ಹಿಡಿದು ಹಿಂದಕ್ಕೆಳೆದ. "ಟವಲ್ ಜ್ವಾಕಿ ಸರ. ಬಾಜೂಕ ಬೆಲ್ಟ್ ಐತಿ, ಎಳಕೊಂಡ್ರ ಬಿಡಂಗಿಲ್ಲ."

ಕಾಳಿನ ಬಣ್ಣ ಬಲ್ಲ ಗಿರಣಿಗೆ ನನ್ನ ಕುತ್ತಿಗೆಯ ಗುರುತಿಲ್ಲ!

ಆ ಗುರುತು ಇರುವ ಯಂತ್ರಗಳೂ ಜಗತ್ತಿನಲ್ಲಿವೆ ಎಂದು ಅವನಿಗೆ ಹೇಳಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕೋಲ್ಗೇಟ್, ಪೆಶ್ಕಿನ್ ಎಂಬಿಬ್ಬರು 1996ರಲ್ಲಿ 'ಕೋಬಾಟ್' ರೂಪಿಸಿದರು. ಡೆನ್ಮಾರ್ಕಿನ ಯೂನಿವರ್ಸಲ್ ರೋಬಾಟ್ಸ್ 2008ರಲ್ಲಿ ತನ್ನ ಮೊದಲ ಕೋಬಾಟನ್ನು ಮಾರಿತು. ಬೇಲಿಯಿಲ್ಲದೆ ಮನುಷ್ಯನ ಮಗ್ಗುಲಲ್ಲೇ ದುಡಿಯುವ ಕೈ ಅದು, ತಾಗಿದರೆ ನಿಲ್ಲುತ್ತದೆ. ಎಷ್ಟು ತಾಗಬಹುದು ಎನ್ನುವುದಕ್ಕೂ ಲೆಕ್ಕವಿದೆ. ಜರ್ಮನಿಯ ಮೈಂಜ್‌ನಲ್ಲಿ ನೂರು ಜನರ ಮೈಮೇಲೆ 29 ಕಡೆ ಒತ್ತಿ, ನೋವು ಎಲ್ಲಿ ಶುರುವಾಗುತ್ತದೆ ಎಂದು ಅಳೆದರು. 2016ರ ಐಎಸ್ಒ ದಾಖಲೆಯ ಪ್ರಕಾರ ಮುಖಕ್ಕೆ ಒತ್ತಬಹುದಾದದ್ದು 65 ನ್ಯೂಟನ್, ಅಂದರೆ ಸುಮಾರು ಆರೂವರೆ ಕೆ.ಜಿ. ಭಾರ. ನೋವಿಗೂ ತಕ್ಕಡಿ ಹಿಡಿದಿದ್ದಾರೆ!

ಚೀಲ ಇಳಿಸಿ ಬೀಡಿ ಹಚ್ಚಿದ್ದ ಹಮಾಲರೊಬ್ಬರು ನಕ್ಕರು. "ಮಾರಿಗೆ ಆರೂವರೆ ಕೆ.ಜಿ. ಬೆನ್ನಿಗೆ ಎಷ್ಟ್ ಬರದಾರ್ರೀ?"

ಈ ಸೀಮೆಯಲ್ಲಿ ಭತ್ತದ ದರ ಕೂಗುವುದೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಾಳಿಗೆ 55 ಕೆ.ಜಿ. ಮೀರಬಾರದೆಂದು ಶಿಫಾರಸು ಮಾಡಿದೆ ಎಂದೆ. ಅವರು ಬೀಡಿ ಆರಿಸಿ ಮುಂದಿನ ಚೀಲಕ್ಕೆ ಬೆನ್ನು ಕೊಟ್ಟರು.

  

ಗಿರಣಿಯಿಂದ ಹೊರಟು, ಲಿಂಗಸುಗೂರು ದಾಟಿ ಹಟ್ಟಿ ತಲುಪುವಷ್ಟರಲ್ಲಿ ಸಂಜೆ. ಚಿನ್ನದ ಗಣಿಯ ಗೋಪುರದ ಮೇಲಿನ ಚಕ್ರವನ್ನು ಹೊರಗಿನಿಂದಲೇ ದಿಟ್ಟಿಸಿದೆ. ಜನರನ್ನು ಹೊತ್ತ ಕೇಜ್ ಏರಿಳಿಯುವುದು ಅದರ ಹಗ್ಗದಲ್ಲಿ. ಯಂತ್ರ ನಡೆಸುವವನು ಮೇಲೆ, ಜನ ಪಾತಾಳದಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣದು. ನಡುವೆ ಇರುವ ಭಾಷೆ ಗಂಟೆ. ಚಲಿಸುವ ಕೇಜಿಗೆ ಒಂದೇ ಸಲ ಹೊಡೆದರೆ 'ನಿಲ್ಲಿಸು' ಎಂದರ್ಥ. ಕ್ಯಾಮೆರಾ, ಕಂಪ್ಯೂಟರು ಬರುವ ಎಷ್ಟೋ ಮೊದಲೇ ಗಣಿಯವರು ಮನುಷ್ಯನ ಮಾತನ್ನು ಯಂತ್ರದ ಬಳಿಗೆ ಮುಟ್ಟಿಸಿದ್ದರು.

ಸಿಂಧನೂರಿನ ಗಿರಣಿಯಲ್ಲೂ ಬೆಲ್ಟ್ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಕೇಳಿದ್ದೆ. ಆಚೆ ಗೋಡೆಯಲ್ಲಿತ್ತು, ಪೇರಿಸಿದ ಚೀಲಗಳ ಹಿಂದೆ.