ಗಂಜಿ ತೊಟ್ಟಿಯ ಊರಿನವರು ನಾವು



ನೀವು ಈ ಊರಿನಲ್ಲೇ ಹುಟ್ಟಿ ಬೆಳೆದವರು. ತಮಿಳನ್ನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತೀರಿ. ಕನ್ನಡವೇನಿದ್ದರೂ ಅಜ್ಜಿಯ ಹತ್ತಿರ, ಇಲ್ಲವೇ ನಮ್ಮ ಸಂಘದ ರಾಜ್ಯೋತ್ಸವದ ದಿನ. ಬೈಯಲು ಹೊರಟಿಲ್ಲ, ಹೆದರಬೇಡಿ! ನಿಮ್ಮ ಆ ತಮಿಳಿನಿಂದಲೇ ಒಂದು ಕೆಲಸವಾಗಬೇಕಿದೆ.

ಉತ್ತರ ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆ ನಿಮಗೆ ಗೊತ್ತು. ರಾಯಪುರಂ ಕಡೆಯ ಹಳಬರ ಬಾಯಲ್ಲಿ ಅದು 'ಕಂಜಿ ತೊಟ್ಟಿ ಆಸ್ಪತ್ರೆ'. ಕಂಜಿ ಎಂದರೆ ನಮ್ಮ ಗಂಜಿ. ತೊಟ್ಟಿ ಎರಡು ಭಾಷೆಯಲ್ಲೂ ತೊಟ್ಟಿಯೇ. ಕರ್ನಾಟಕದಲ್ಲಿ ನೆರೆ ಬಂದಾಗ ಪತ್ರಿಕೆಗಳಲ್ಲಿ 'ಗಂಜಿ ಕೇಂದ್ರ' ಎಂದು ಓದಿರುತ್ತೀರಲ್ಲ, ಅಂಥದ್ದೇ ಒಂದು ಕೇಂದ್ರ 1782ರಲ್ಲಿ ಇಲ್ಲಿ ಶುರುವಾಯಿತು. ಊರಿನ ಮುಖ್ಯಸ್ಥನಿಗೆ ತಮಿಳಿನಲ್ಲಿ ಮಣಿಯಕ್ಕಾರರ್ ಎನ್ನುತ್ತಾರೆ. ಹಳೆಯ ಕನ್ನಡ ಕಾಗದಪತ್ರಗಳ 'ಮಣೆಗಾರ'ನೂ ಇದೇ ಬಳಗದವನು. ಅಂಥ ಒಬ್ಬ ಮುಖ್ಯಸ್ಥನ ತೋಟದಲ್ಲಿ ಎದ್ದದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು 'ಮೊನೆಗಾರ್ ಚೌಲ್ಟ್ರಿ' ಆಯಿತು.

ಗಂಜಿ ಯಾರಿಗೆ ಬೇಕಾಯಿತು, ಏಕೆ ಬೇಕಾಯಿತು? ಇಲ್ಲಿಯೇ ನಮ್ಮ ಕಥೆಯೂ ಸೇರಿಕೊಳ್ಳುತ್ತದೆ.

1780ರ ಜುಲೈಯಲ್ಲಿ ಮೈಸೂರಿನ ಹೈದರ್ ಅಲಿಯ ಸೇನೆ ಘಟ್ಟ ಇಳಿದು ಆರ್ಕಾಟಿನ ನವಾಬನ ಸೀಮೆಗೆ ನುಗ್ಗಿತು. (ಇಂಗ್ಲಿಷರು ಆ ಸೀಮೆಯನ್ನು 'ಕರ್ನಾಟಿಕ್' ಎನ್ನುತ್ತಿದ್ದರು, ನಮ್ಮ ಕರ್ನಾಟಕವೆಂದು ಗೊಂದಲ ಮಾಡಿಕೊಳ್ಳಬೇಡಿ.) ಆ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಪೂರ್ತಿ ಸೋತಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಆ ಯುದ್ಧದ ದೊಡ್ಡ ಚಿತ್ರವಿದೆ. ಕೆಲವು ವರ್ಷದ ಹಿಂದೆ ನನ್ನ ತಂಗಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆನೆ, ಕುದುರೆ, ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲವನ್ನೂ ನೋಡಿ ಚಿಕ್ಕವನು 'ನಾವು ಗೆದ್ದೆವಾ ಮಾಮಾ?' ಎಂದ. 'ಗೆದ್ದೆವು' ಎಂದೆ. ಸುಳ್ಳೇನಲ್ಲ. ಆದರೆ 'ನಾವು' ಅಂದರೆ ಯಾರು? ಹುಡುಗ ಹುಟ್ಟಿದ್ದು ಪೆರಂಬೂರಿನಲ್ಲಿ!

ಆ ಗೋಡೆಯ ಮೇಲೆ ಬರೆಯದೆ ಬಿಟ್ಟ ಸಂಗತಿಯೂ ಇದೆ. ಕಂಪನಿಗೆ ಕಾಳು ಸಿಗಬಾರದೆಂದು ಮದ್ರಾಸಿನ ಸುತ್ತಲಿನ ಹಳ್ಳಿಗಳನ್ನು ಹೈದರನ ಸವಾರರು ಸುಟ್ಟರು. ಒಕ್ಕಲು ಮಕ್ಕಳು ಊರು ಬಿಟ್ಟು ಕೋಟೆಯತ್ತ ಓಡಿಬಂದರು. 1782ರ ಅಕ್ಟೋಬರಿನ ಚಂಡಮಾರುತ ಬಂದರಿನಲ್ಲಿದ್ದ ಅಕ್ಕಿಯ ದೋಣಿಗಳನ್ನೂ ಮುಳುಗಿಸಿತು. ತಪ್ಪೆಲ್ಲ ಹೈದರನದೇ ಎನ್ನುವುದು ಕಂಪನಿಯವರು ಬರೆದ ಚರಿತ್ರೆ. 1769ರ ಒಪ್ಪಂದವನ್ನು ಮುರಿದವರು, ಬೇಡವೆಂದರೂ 1779ರಲ್ಲಿ ಮಾಹೆಯನ್ನು ಹಿಡಿದವರು ಅವರೇ. 1785ರಲ್ಲಿ ಎಡ್ಮಂಡ್ ಬರ್ಕ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಈ ನಾಶವನ್ನು ವರ್ಣಿಸಿದಾಗ ಕಂಪನಿಯ ಆಡಳಿತವನ್ನೂ ನವಾಬನ ಸಾಲಗಾರರನ್ನೂ ಬಿಡಲಿಲ್ಲ. ಇಷ್ಟಾದರೂ ಆ ಬೆಂಕಿಯಲ್ಲಿ ನಮ್ಮ ಕಡೆಯವರ ಕೈಯಿತ್ತು ಎಂಬುದನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ದರಿಯಾ ದೌಲತ್ ನೋಡಿಬಂದವರು ಗಂಜಿ ತೊಟ್ಟಿಯನ್ನೂ ನೋಡಬೇಕು ಎನ್ನುವುದು ಅದಕ್ಕೇ.

ಯುದ್ಧ ಮುಗಿಯಿತು, ತೊಟ್ಟಿ ಉಳಿಯಿತು. 1799ರಲ್ಲಿ ಕಂಪನಿಯ ವೈದ್ಯ ಜಾನ್ ಅಂಡರ್‌ವುಡ್ ಅಲ್ಲಿ ಬಡ ರೋಗಿಗಳಿಗೆ ಚಿಕಿತ್ಸಾಲಯ ತೆರೆದ. ಹೊಟ್ಟೆಗಿಲ್ಲದವನಿಗೆ ಕಾಯಿಲೆಯೂ ಜೊತೆಗೇ ಬರುತ್ತದಲ್ಲ! ಆ ಚಿಕಿತ್ಸಾಲಯ ಬೆಳೆದು ಆಸ್ಪತ್ರೆಯಾಯಿತು, ಅದರ ಆಸರೆಯಲ್ಲಿ ರಾಯಪುರಂ ವೈದ್ಯಕೀಯ ಶಾಲೆ ನಡೆಯಿತು. ಗವರ್ನರ್ ಸ್ಟ್ಯಾನ್ಲಿಯ ಹೆಸರು ಹೊತ್ತು ಆ ಶಾಲೆ ಕಾಲೇಜಾದದ್ದು 1938ರಲ್ಲಿ. ನಿಮ್ಮಲ್ಲಿ ಯಾರಾದರೂ ಅಲ್ಲಿ ಸೀಟು ಸಿಕ್ಕರೆ ಮನೆಯವರೆಲ್ಲ ಪಾಯಸ ಮಾಡಿ ಕುಣಿಯುತ್ತೀರಿ. ಆ ಸೀಟಿನ ಬೇರು ಗಂಜಿಯ ಪಾತ್ರೆಯಲ್ಲಿದೆ.

ಇನ್ನು ಛತ್ರ. ಮುಂದೆ ವೆಂಕಟಗಿರಿ ರಾಜರ ಛತ್ರವೂ ಅದರ ಜೊತೆಗೂಡಿತು. ಆಸ್ಪತ್ರೆಯ ಹೆಸರು ದೊಡ್ಡದಾದಂತೆ ಛತ್ರವನ್ನು ಊರು ಮರೆಯಿತು. ಆದರೆ ಅದು ಮುಚ್ಚಲಿಲ್ಲ. ಯಾರೂ ಇಲ್ಲದ ಮುದುಕ ಮುದುಕಿಯರಿಗೆ ಅದು ಇಂದಿಗೂ ಸೂರು. ಇನ್ನೂರ ನಲವತ್ತು ವರ್ಷದಿಂದ ಒಂದೇ ಕೆಲಸ!

ಯಾರೂ ಇಲ್ಲದವರು ಎಂದರೆ ಯಾರೋ ಬೇರೆಯವರು ಎಂದುಕೊಳ್ಳಬೇಡಿ. 1994ರ ಸುಮಾರಿಗೆ, ದಕ್ಷಿಣ ಕನ್ನಡದ ಅಡಿಗೆ ಭಟ್ಟರೊಬ್ಬರು ಕಾಲು ಮುರಿದುಕೊಂಡು ಕಂಜಿ ತೊಟ್ಟಿಯ ವಾರ್ಡಿನಲ್ಲಿದ್ದಾರೆಂದು ಸುದ್ದಿ ಬಂತು. ವುಡ್‌ಲ್ಯಾಂಡ್ಸ್ ಕೃಷ್ಣರಾಯರ ಹೆಸರು ನೀವು ಕೇಳಿದ್ದೀರಿ. ಅಂಥ ಒಬ್ಬ ಮಾಲೀಕರ ಹಿಂದೆ ಹೆಸರಿಲ್ಲದ ನೂರು ಭಟ್ಟರು, ಮಾಣಿಗಳು. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು, ಹೋಟೆಲಿನ ಅಟ್ಟದಲ್ಲೇ ಮಲಗಿ, ಮದುವೆಯಾಗದೆ ಮುದುಕರಾದವರು. ಇವರೂ ಹಾಗೆಯೇ. ನಾವು ನಾಲ್ವರು ಸರದಿಯ ಮೇಲೆ ಹೋಗುತ್ತಿದ್ದೆವು. 'ಭಟ್ಟರೇ, ಏನು ತರಲಿ?' ಎಂದರೆ ಒಂದೇ ಉತ್ತರ: 'ಕುಚ್ಚಲಕ್ಕಿ ಗಂಜಿ ಮಾರಾಯ್ರೆ, ಒಂದು ಮಿಡಿ ಉಪ್ಪಿನಕಾಯಿ ಇದ್ರೆ ಮತ್ತೂ ಒಳ್ಳೇದು.' ಈ ಊರಿಗೆ ಲಕ್ಷಗಟ್ಟಲೆ ಇಡ್ಲಿ ಬೇಯಿಸಿ ಹಾಕಿದ ಮನುಷ್ಯ! ಊರಿನ ವಿಳಾಸಕ್ಕೆ ಬರೆದ ಎರಡು ಕಾಗದಗಳೂ ವಾಪಸು ಬಂದವು. ಕೊನೆಗೆ ಒಂದು ವೃದ್ಧಾಶ್ರಮದಲ್ಲಿ ಜಾಗ ಸಿಕ್ಕಿತು, ಎರಡು ವರ್ಷ ಇದ್ದರು. ಅಲ್ಲಿಯ ಅಡಿಗೆಯವನಿಗೆ ಸಾಂಬಾರಿನ ಹದ ಹೇಳಿಕೊಡಲು ಹೋಗಿ ಜಗಳ ಆಡಿದ್ದೂ ಉಂಟು.

ನಾವು ಊರು ಬಿಟ್ಟು ಇಲ್ಲಿಗೆ ಬಂದೆವು. ನೀವು ಇಲ್ಲಿಂದ ಬೆಂಗಳೂರಿಗೋ ಅಮೆರಿಕಕ್ಕೋ ಹೋಗುತ್ತೀರಿ. ಹೋಗಬೇಡಿ ಎನ್ನಲು ನಮಗೇನು ಬಾಯಿದೆ? ಹೋಗುವ ಮುಂಚೆ ಒಂದು ಭಾನುವಾರ ನನ್ನೊಡನೆ ಬನ್ನಿ ಅಂತಷ್ಟೇ ಕೇಳುತ್ತಿದ್ದೇನೆ. 2019ರಿಂದ ವಾಷರ್‌ಮನ್‌ಪೇಟೆಯ ತನಕ ಮೆಟ್ರೋ ಇದೆ; ಅಲ್ಲಿಂದ ಆಟೋ ಹಿಡಿದು 'ಕಂಜಿ ತೊಟ್ಟಿ' ಎನ್ನಿ. ಛತ್ರದ ಕಛೇರಿಯಲ್ಲಿ ಮೊದಲೇ ಅನುಮತಿ ಕೇಳೋಣ. ಸಿಹಿತಿಂಡಿ ಬೇಡ, ಸಕ್ಕರೆ ಕಾಯಿಲೆಯವರು ಇರುತ್ತಾರೆ. ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಸುಮ್ಮನೆ ಕೂತು ಮಾತಾಡಬೇಕು, ಅವರ ಭಾಷೆಯಲ್ಲಿ. ನನ್ನ ತಮಿಳು ಕೇಳಿದರೆ ಅವರು ನಗುತ್ತಾರೆ. ಆ ಕೆಲಸಕ್ಕೆ ನೀವೇ ಆಗಬೇಕು. ಬರುವವರು ಸಂಘದ ಕಛೇರಿಯಲ್ಲಿ ಹೆಸರು ಬರೆಸಿ.